ರಿಲೇ ಇದ್ದೂ ಮೋಟಾರು ಸುಟ್ಟಿದ್ದು ಹೇಗೆ?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಏರ್ ಕಂಪ್ರೆಸರಿಗೆ 15 ಎಚ್‌ಪಿ ಮೋಟಾರು, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾಕ್ಕೆ ಬದಲಿಸುವಂಥದ್ದು). ನೇಮ್‌ಪ್ಲೇಟಿನಲ್ಲಿ 415 ವೋಲ್ಟ್, 21 ಆಂಪ್ಸ್ ಎಂದಿದೆ. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಟ್ರಿಪ್ ಆಗಿ ಮೋಟಾರು ನಿಲ್ಲಿಸುವ ಸಾಧನ) 9–15 ಆಂಪ್ಸ್ ರೇಂಜಿನದು. ಮೊದಲು 12ರಲ್ಲಿತ್ತು. ಹೋದ ವರ್ಷ ಇನ್ನೆರಡು ಮಷಿನ್ ಸೇರಿಸಿದೆವು. ಗಾಳಿ ಸಾಲದೆ ಪ್ರೆಷರನ್ನು 7ರಿಂದ 9 ಬಾರ್‌ಗೆ ಏರಿಸಿದೆವು. ಅಲ್ಲಿಂದ ರಿಲೇ ಪದೇ ಪದೇ ಟ್ರಿಪ್ ಆಗತೊಡಗಿತು. ಎಲೆಕ್ಟ್ರಿಷಿಯನ್ ಅದನ್ನು 15ಕ್ಕೆ ತಿರುಗಿಸಿದರು. ‘ಮೋಟಾರೇ 21 ಆಂಪ್ಸಿನದು, 15 ಅಂದ್ರೆ ಇನ್ನೂ ಕಡಿಮೆ’ ಎಂದರು. ಟ್ರಿಪ್ ನಿಂತಿತು, ಆದರೆ ಮೋಟಾರು ಎರಡು ಸಲ ಸುಟ್ಟಿತು. ಮೂರೂ ಫೇಸಿನ ಕಾಯಿಲ್ ಒಂದೇ ಸಮ ಕಪ್ಪಾಗಿದೆ ಎಂದು ರಿವೈಂಡಿಂಗ್‌ನವರು ಹೇಳಿದರು. ಈಗ ಲೋಡ್ ಕರೆಂಟ್ ತೋರಿಸುವ ಎಲೆಕ್ಟ್ರಾನಿಕ್ ರಿಲೇ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿದರೆ ಮೋಟಾರು ಉಳಿಯುತ್ತಾ? ಪವರ್ ಪ್ರೆಸ್ಸಿಗೂ ಬೋರ್‌ವೆಲ್ ಪಂಪಿಗೂ ಅದನ್ನೇ ಹಾಕಬೇಕಾ?

ಉತ್ತರ: ಹೊಸ ರಿಲೇ ಒಳ್ಳೆಯದೇ. ಆದರೆ ಅದನ್ನೂ ತಪ್ಪು ಅಂಕಿಗೆ ಇಟ್ಟರೆ ಮೂರನೇ ಸಲವೂ ಮೋಟಾರು ಸುಡುತ್ತದೆ. ಹಾಗಾಗಿ ಮೊದಲು ಆ 15 ಆಂಪ್ಸಿನ ಲೆಕ್ಕ ನೋಡೋಣ.

ನಿಮ್ಮ ಸ್ಟಾರ್ಟರಿನ ಮುಚ್ಚಳ ತೆಗೆಸಿ ನೋಡಿ. ರಿಲೇ ಬಹುಶಃ ಮೇನ್ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಟ್ಟು ಬಿಡಿಸುವ ಸ್ವಿಚ್) ಕೆಳಗೇ ಕೂತಿರುತ್ತದೆ. ಅಲ್ಲಿಂದ ಮೂರು ವೈರ್ ನೇರ ಮೋಟಾರಿಗೆ ಹೋಗುತ್ತವೆ. ಡೆಲ್ಟಾ ಕಾಂಟ್ಯಾಕ್ಟರಿಗೆ ಹೋಗುವ ಕರೆಂಟ್ ರಿಲೇಯ ಒಳಗೆ ಬರುವುದೇ ಇಲ್ಲ. ಅಂದರೆ ರಿಲೇ ನೋಡುತ್ತಿರುವುದು ಸಪ್ಲೈ ವೈರಿನಲ್ಲಿ ಬರುವ ಲೈನ್ ಕರೆಂಟನ್ನಲ್ಲ, ಮೋಟಾರಿನೊಳಗಿನ ಒಂದೊಂದು ವೈಂಡಿಂಗಿನ (ಕಾಯಿಲ್ ಸುತ್ತಿನ) ಕರೆಂಟನ್ನು. ಡೆಲ್ಟಾದಲ್ಲಿ ವೈಂಡಿಂಗಿನ ಕರೆಂಟ್ ಲೈನ್ ಕರೆಂಟಿನ 0.58ರಷ್ಟು. ನೇಮ್‌ಪ್ಲೇಟಿನ 21 ಲೈನ್ ಕರೆಂಟು; ಅದನ್ನು 0.58ರಿಂದ ಗುಣಿಸಿದರೆ ಸುಮಾರು 12. ಮೊದಲು ಪ್ಯಾನೆಲ್ ಮಾಡಿದವರು 12ಕ್ಕೆ ಇಟ್ಟಿದ್ದು ಸರಿಯಾಗಿಯೇ ಇತ್ತು.

15ಕ್ಕೆ ತಿರುಗಿಸಿದಾಗ ಏನಾಯಿತು? ಅಲ್ಲಿ 15 ಎಂದರೆ ಲೈನಿನಲ್ಲಿ 26 ಆಂಪ್ಸ್. ಅಷ್ಟಕ್ಕೇ ಮುಗಿಯಲಿಲ್ಲ. ನಿಮ್ಮಲ್ಲಿರುವಂಥ ಥರ್ಮಲ್ ರಿಲೇ (ಒಳಗಿನ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗಿದಾಗ ಬಿಡಿಸುವಂಥದ್ದು) ಸೆಟ್ಟಿಂಗ್ ಮುಟ್ಟಿದ ಕೂಡಲೇ ಬಿಡಿಸುವುದಿಲ್ಲ. ಐಇಸಿ 60947-4-1 ಎಂಬ ಸ್ಟ್ಯಾಂಡರ್ಡಿನ ಪ್ರಕಾರ ಸೆಟ್ಟಿಂಗಿನ 1.05 ಪಟ್ಟು ಕರೆಂಟ್ ಹರಿದರೆ ಅದು ಎರಡು ಗಂಟೆಯೊಳಗೆ ಟ್ರಿಪ್ ಆಗಬಾರದು. 1.2 ಪಟ್ಟು ಆದರೆ ಎರಡು ಗಂಟೆಯೊಳಗೆ ಆಗಲೇಬೇಕು. ನಡುವೆ ಎಲ್ಲಾದರೂ ಆಗಬಹುದು. ಹಾಗಾಗಿ ನಿಮ್ಮ ಮೋಟಾರು ಲೈನಿನಲ್ಲಿ 27 ಆಂಪ್ಸ್ ಎಳೆಯುತ್ತಾ ದಿನವಿಡೀ ಓಡಿದರೂ ರಿಲೇ ತುಟಿ ಪಿಟಕ್ ಅನ್ನುವುದಿಲ್ಲ. 21ರ ಜಾಗದಲ್ಲಿ 27 ಎಂದರೆ ಶೇ 30ರಷ್ಟು ಜಾಸ್ತಿ. ತಾಮ್ರದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದು ಶೇ 65ರಿಂದ 70 ಜಾಸ್ತಿಯಾಗಿರುತ್ತದೆ. ವೈಂಡಿಂಗಿನ ಇನ್ಸುಲೇಷನ್ ಬಗ್ಗೆ ಹಳೆಯ ಲೆಕ್ಕವೊಂದಿದೆ: ಮಿತಿ ದಾಟಿ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧವಾಗುತ್ತದೆ. ಇಲ್ಲಿ ಏರುವುದು 10 ಡಿಗ್ರಿಗಿಂತ ಎಷ್ಟೋ ಜಾಸ್ತಿ.

ನಿಮ್ಮ ರಿವೈಂಡಿಂಗ್‌ನವರ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಸುಟ್ಟ ಕಾಯಿಲ್ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಡೆಲ್ಟಾದಲ್ಲಿ ಓಡುವ ಮೋಟಾರಿಗೆ ಒಂದು ಫೇಸ್ ತಪ್ಪಿದ್ದರೆ ಸಾಮಾನ್ಯವಾಗಿ ಒಂದು ಫೇಸಿನ ಕಾಯಿಲ್‌ಗಳು ಮಾತ್ರ ಸುಟ್ಟು ಉಳಿದೆರಡು ಚೆನ್ನಾಗಿರುತ್ತವೆ. ಸ್ಟಾರ್ ಮೋಟಾರಿನಲ್ಲಿ ಇದು ತಿರುವುಮುರುವು: ಎರಡು ಸುಟ್ಟು ಒಂದು ಉಳಿಯುತ್ತದೆ. ಟರ್ನ್‌ಗಳ ನಡುವೆ ಶಾರ್ಟ್ ಆಗಿದ್ದರೆ ಒಂದೇ ಕಡೆ ಕರಕಲಾಗಿರುತ್ತದೆ. ಮೂರೂ ಒಂದೇ ಸಮ ಕಪ್ಪಾಗಿದೆ ಎಂದರೆ ಓವರ್‌ಲೋಡ್, ಇಲ್ಲವೇ ತಂಪು ಸಿಗದೆ ಬೆಂದಿದೆ ಎಂದೇ ಅರ್ಥ. ಮುಂದೆ ಯಾವ ಮೋಟಾರು ಸುಟ್ಟರೂ ಹಳೆ ಕಾಯಿಲ್ ಕತ್ತರಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ.

ಇನ್ನು 12ರಲ್ಲಿದ್ದಾಗ ಯಾಕೆ ಟ್ರಿಪ್ ಆಗುತ್ತಿತ್ತು? ಅದಕ್ಕೂ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಂಪ್ರೆಸರಿನಲ್ಲಿ ಒಂದು ಬಾರ್ ಏರಿಸಿದರೆ ಪವರ್ ಸುಮಾರು ಶೇ 6–7 ಜಾಸ್ತಿ ಬೇಕು. ಎರಡು ಬಾರ್ ಎಂದರೆ ಶೇ 13ರ ಆಸುಪಾಸು. ಮೊದಲೇ ಫುಲ್ ಲೋಡಿನಲ್ಲಿದ್ದ ಮೋಟಾರಿಗೆ ಇದೇ ಸಾಕು. ಜೊತೆಗೆ ಎರಡು ಮಷಿನ್ ಸೇರಿವೆ. ಮೊದಲು ಟ್ಯಾಂಕ್ ತುಂಬಿದಾಗ ಕಂಪ್ರೆಸರ್ ಅನ್‌ಲೋಡ್ ಆಗಿ ಗಾಳಿ ಒತ್ತದೆ ಖಾಲಿ ಓಡುತ್ತಿತ್ತು, ಮೋಟಾರಿಗೆ ಸ್ವಲ್ಪ ಉಸಿರು ಸಿಗುತ್ತಿತ್ತು. ಈಗ ಅದೂ ಇಲ್ಲ. ಮಧ್ಯಾಹ್ನ ವೋಲ್ಟೇಜ್ ಕುಸಿದರೆ ಇನ್ನೂ ಕಷ್ಟ. ಲೋಡ್ ಅಷ್ಟೇ ಇದ್ದು ವೋಲ್ಟೇಜ್ ಶೇ 10 ಇಳಿದರೆ ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ರಿಲೇ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಬಾಯಿ ಮುಚ್ಚಿಸಿದ್ದು ನೀವು.

ಒಂದು ಮಾತು, ಇದು ಕರೆಂಟಿನ ವಿಷಯವಲ್ಲ. ಆ ಏರ್ ಟ್ಯಾಂಕ್ 9 ಬಾರ್‌ಗೆ ತಕ್ಕದ್ದಾ? ಟ್ಯಾಂಕಿನ ಪ್ಲೇಟ್ ನೋಡಿ. ಸೇಫ್ಟಿ ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ ಎಂದೂ ನೋಡಿ. ಇದನ್ನು ನಾಳೆಗೆ ಇಡಬೇಡಿ.

ಈಗ ಮಾಡಬೇಕಾದ ಕೆಲಸ. ಡಯಲನ್ನು ಮತ್ತೆ 12ಕ್ಕೆ ತನ್ನಿ. ಪ್ರೆಷರ್ 7ಕ್ಕೆ ಇಳಿಸಿ. ಗಾಳಿ ಸಾಲುವುದಿಲ್ಲ ಎನ್ನುತ್ತೀರಿ, ಗೊತ್ತು. ಭಾನುವಾರ ಮಷಿನ್‌ಗಳು ನಿಂತಿರುವಾಗ ಕಂಪ್ರೆಸರ್ ಮಾತ್ರ ಓಡಿಸಿ, ಟ್ಯಾಂಕ್ ತುಂಬಿದ ಮೇಲೆ ನಿಲ್ಲಿಸಿ, ಪ್ರೆಷರ್ ಎಷ್ಟು ಬೇಗ ಇಳಿಯುತ್ತದೆ ನೋಡಿ. ಸುಮ್ನೆ ಸೋಪಿನ ನೀರು ಹಚ್ಚುತ್ತಾ ಹೋದರೆ ಹೋಸ್ ಕ್ಲ್ಯಾಂಪ್, ಕ್ವಿಕ್ ಕಪ್ಲಿಂಗ್, ಡ್ರೈನ್ ವಾಲ್ವ್ ಎಲ್ಲ ಕಡೆಯೂ ಗುಳ್ಳೆ ಏಳುತ್ತದೆ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಸಾಲದ ಗಾಳಿ ಎಷ್ಟೋ ಸಲ ಸೋರುವ ಗಾಳಿಯೇ ಆಗಿರುತ್ತದೆ. ಲೀಕ್ ನಿಲ್ಲಿಸಿದ ಮೇಲೂ ಸಾಲದಿದ್ದರೆ ಇನ್ನೊಂದು ಸಣ್ಣ ಕಂಪ್ರೆಸರ್ ಬೇಕು. ಸಾಲದ ಗಾಳಿಯನ್ನು ಇದೇ ಮೋಟಾರಿನ ಕೈಯಿಂದ ಹಿಂಡಿ ತೆಗೆಯಲು ಆಗುವುದಿಲ್ಲ.

ಆಮೇಲೆ ಅಳತೆ. ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ತಂದು ಸ್ಟಾರ್ಟರಿಗೆ ಬರುವ ಮೂರೂ ಲೈನಿನ ಕರೆಂಟ್ ನೋಡಿ. ಟ್ಯಾಂಕ್ ತುಂಬುವ ಕೊನೆಯ ಹೊತ್ತಿನಲ್ಲಿ ನೋಡಬೇಕು, ಆಗಲೇ ಲೋಡ್ ಜಾಸ್ತಿ. ಒಂದೇ ಫೇಸ್ ನೋಡಿ ‘ಸರಿ ಇದೆ’ ಎನ್ನುವ ಅಭ್ಯಾಸ ಬಿಡಿಸಿ. ಒಂದು ಉದಾಹರಣೆ ಹೇಳುತ್ತೇನೆ. ಮೂರು ಲೈನಿನಲ್ಲಿ 19, 20, 24 ಬಂತು ಎಂದುಕೊಳ್ಳಿ. ಸರಾಸರಿ 21. ಅಬ್ಬಾ, ನೇಮ್‌ಪ್ಲೇಟಿನಷ್ಟೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಒಂದು ಲೈನ್ ಸರಾಸರಿಗಿಂತ 3 ಆಂಪ್ಸ್ ಮೇಲಿದೆ. ಅಂದರೆ ಶೇ 14ರ ಅನ್‌ಬ್ಯಾಲೆನ್ಸ್. ವೋಲ್ಟೇಜಿನಲ್ಲಿ ಶೇ 2ರಷ್ಟು ವ್ಯತ್ಯಾಸ ಇದ್ದರೂ ಇಂಥ ಅಂಕಿ ಬಂದುಬಿಡುತ್ತದೆ. ವೋಲ್ಟೇಜ್ ಅನ್‌ಬ್ಯಾಲೆನ್ಸಿನ 6ರಿಂದ 10 ಪಟ್ಟು ಕರೆಂಟಿನಲ್ಲಿ ಕಾಣುತ್ತದೆ.

ತಪ್ಪು ಸಪ್ಲೈಯದ್ದೋ ಮೋಟಾರಿನದ್ದೋ ಎಂದು ತಿಳಿಯಲು ಒಂದು ಉಪಾಯ ಇದೆ. ಮೇನ್ ಆಫ್ ಮಾಡಿ, ಸ್ಟಾರ್ಟರಿಗೆ ಬರುವ ಮೂರೂ ವೈರನ್ನು ಒಂದೊಂದು ಟರ್ಮಿನಲ್ ಮುಂದಕ್ಕೆ ಹಾಕಿಸಿ. ಒಂದನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ. ಮೂರನ್ನೂ ಹೀಗೆ ಸರಿಸಿದರೆ ಮೋಟಾರು ತಿರುಗುವ ದಿಕ್ಕು ಬದಲಾಗುವುದಿಲ್ಲ. ಬರೀ ಎರಡನ್ನು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ, ಜೋಪಾನ. ಈಗ ಮತ್ತೆ ಅಳೆಯಿರಿ. ಜಾಸ್ತಿ ಕರೆಂಟ್ ಅದೇ ಸಪ್ಲೈ ವೈರಿನ ಜೊತೆ ಸರಿದಿದ್ದರೆ ತೊಂದರೆ ಸಪ್ಲೈ ಕಡೆ. ಆಗ ನಿಮ್ಮ ಶೆಡ್ಡಿನೊಳಗೆ ಸಿಂಗಲ್ ಫೇಸ್ ಲೋಡ್ ಒಂದೇ ಫೇಸಿನ ಮೇಲೆ ಬಿದ್ದಿದೆಯಾ, ಯಾವುದಾದರೂ ಫ್ಯೂಸ್ ಅಥವಾ ಲಗ್ ಸಡಿಲವಾ ನೋಡಿ. ಎಲ್ಲ ಸರಿ ಇದ್ದರೆ ಬೆಸ್ಕಾಂಗೆ ದೂರು ಕೊಡಿ. ಬದಲಿಗೆ ಜಾಸ್ತಿ ಕರೆಂಟ್ ಅದೇ ಮೋಟಾರ್ ಟರ್ಮಿನಲ್ಲಿನಲ್ಲೇ ಉಳಿದರೆ ತೊಂದರೆ ಸ್ಟಾರ್ಟರ್ ಅಥವಾ ಮೋಟಾರಿನಲ್ಲಿದೆ. ಎರಡು ಸಲ ರಿವೈಂಡ್ ಆದ ಮೋಟಾರು ಎಂದರೆ ಟರ್ನ್ ಲೆಕ್ಕ ತಪ್ಪಿರುವ ಸಾಧ್ಯತೆಯೂ ಇದೆ. ಬೆಲ್ಟ್ ಕಳಚಿ ಖಾಲಿ ಓಡಿಸಿ ನೋ-ಲೋಡ್ ಕರೆಂಟ್ ಬರೆದಿಡಿ. ಸಾಮಾನ್ಯವಾಗಿ ಅದು ಫುಲ್ ಲೋಡಿನ ಶೇ 30ರಿಂದ 50ರ ನಡುವೆ ಇರುತ್ತದೆ.

ರಿಲೇಯ ಸ್ಕ್ರೂಗಳನ್ನೂ ಬಿಗಿ ಮಾಡಿಸಿ. ಬೈಮೆಟಲ್ ರಿಲೇ ಬಿಸಿಯಿಂದ ಕೆಲಸ ಮಾಡುವ ವಸ್ತು. ಟರ್ಮಿನಲ್ ಸಡಿಲವಾಗಿ ಬಿಸಿಯಾದರೆ ಆ ಬಿಸಿಗೂ ಬಾಗುತ್ತದೆ, ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ.

ಇಷ್ಟಾದ ಮೇಲೆ ಎಲೆಕ್ಟ್ರಾನಿಕ್ ರಿಲೇ ವಿಷಯ. ನಿಮ್ಮ ಕಂಪ್ರೆಸರಿಗೆ ಹಾಕಿ ಎಂದೇ ಹೇಳುತ್ತೇನೆ. ಕಾರಣ ಅದು ಚುರುಕಾಗಿ ಬಿಡಿಸುತ್ತದೆ ಎಂಬುದಲ್ಲ. ಟ್ರಿಪ್ ಎಂದರೆ ಹಾಲು ಉಕ್ಕಿದ ಮೇಲೆ ಒಲೆ ಆರಿಸಿದ ಹಾಗೆ. ಕರೆಂಟ್ ಕಣ್ಣೆದುರು ಕಾಣುತ್ತಿದ್ದರೆ ಉಕ್ಕುವ ಮೊದಲೇ ಗೊತ್ತಾಗುತ್ತದೆ. ಹೋದ ವರ್ಷ ನೀವು ಪ್ರೆಷರ್ ಏರಿಸಿದ ದಿನವೇ ಪ್ಯಾನೆಲ್ ಬಾಗಿಲ ಮೇಲೆ ಅಂಕಿ ಏರಿದ್ದು ಕಂಡಿದ್ದರೆ 15ಕ್ಕೆ ತಿರುಗಿಸುವ ಮಾತು ಬರುತ್ತಲೇ ಇರಲಿಲ್ಲ.

ಈ ರಿಲೇಯೊಳಗೆ ಬೈಮೆಟಲ್ ಪಟ್ಟಿ ಇರುವುದಿಲ್ಲ. ಮೂರು ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳು ಇರುತ್ತವೆ. ಅವು ಕೊಡುವ ಸಿಗ್ನಲ್ ನೋಡಿ ಮೋಟಾರು ಎಷ್ಟು ಬಿಸಿಯಾಗಿರಬಹುದು ಎಂದು ಒಳಗಿನ ಚಿಪ್ ಲೆಕ್ಕ ಹಾಕುತ್ತಾ ಇರುತ್ತದೆ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ‘ಡಿಸ್‌ಪ್ಲೇ ಇರೋ ರಿಲೇ ಕೊಡಿ’ ಎಂದಷ್ಟೇ ಕೇಳಿದರೆ ಯಾವುದೋ ಒಂದನ್ನು ಕೈಗಿಡುತ್ತಾರೆ. ಹೀಗೆ ಕೇಳಿ. ಮೂರೂ ಫೇಸಿನ ಕರೆಂಟನ್ನು ಬೇರೆಬೇರೆಯಾಗಿ ತೋರಿಸಬೇಕು. ಒಂದೇ ಫೇಸ್ ಅಥವಾ ಬರೀ ಸರಾಸರಿ ತೋರಿಸುವುದು ಬೇಡ, ಮೇಲಿನ 19–20–24ರ ಉದಾಹರಣೆ ನೆನಪಿಡಿ. ಅನ್‌ಬ್ಯಾಲೆನ್ಸಿಗೆ ಬೇರೆ ಸೆಟ್ಟಿಂಗ್ ಇರಬೇಕು. ಟ್ರಿಪ್ ಆದಾಗ ಯಾವ ಕಾರಣಕ್ಕೆ ಆಯಿತು, ಆಗ ಮೂರು ಫೇಸಿನಲ್ಲಿ ಎಷ್ಟೆಷ್ಟಿತ್ತು ಎಂಬುದು ಮೆಮೊರಿಯಲ್ಲಿ ಉಳಿಯಬೇಕು. ಟ್ರಿಪ್‌ಗೆ ಮೊದಲು ಅಲಾರಂ ಕೊಡುವ ಪ್ರತ್ಯೇಕ ಕಾಂಟ್ಯಾಕ್ಟ್ ಇದ್ದರೆ ಒಂದು ಹೂಟರ್ ಕಟ್ಟಬಹುದು.

ಇನ್ನೊಂದನ್ನು ಬಹಳ ಜನ ಕೇಳುವುದೇ ಇಲ್ಲ. ಕರೆಂಟ್ ಹೋಗಿ ಬಂದಾಗ ರಿಲೇಗೆ ಹಿಂದಿನ ಬಿಸಿ ನೆನಪಿರುತ್ತದಾ? ಬೈಮೆಟಲ್ಲಿಗೆ ಈ ಸಮಸ್ಯೆ ಇಲ್ಲ, ಪಟ್ಟಿಯೇ ಬಿಸಿಯಾಗಿರುತ್ತದೆ. ಕೆಲವು ಅಗ್ಗದ ಎಲೆಕ್ಟ್ರಾನಿಕ್ ರಿಲೇಗಳು ಪವರ್ ಹೋದ ಕೂಡಲೇ ಎಲ್ಲ ಮರೆತು ಸೊನ್ನೆಯಿಂದ ಶುರು ಮಾಡುತ್ತವೆ. ಬಿಸಿ ಮೋಟಾರನ್ನು ತಣ್ಣಗಿದೆ ಎಂದುಕೊಳ್ಳುತ್ತವೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿಬರುವ ಕಡೆ ಇದು ಸಣ್ಣ ವಿಷಯವಲ್ಲ. ಥರ್ಮಲ್ ಮೆಮೊರಿ ಉಳಿಯುತ್ತದಾ ಎಂದು ಕ್ಯಾಟಲಾಗಿನಲ್ಲೇ ನೋಡಿ.

ಅಂಕಿಗಳನ್ನು ಬೇರೆ ಉಪಕರಣಕ್ಕೆ ಕಳಿಸುವ ಮಾಡ್‌ಬಸ್, 4–20 ಮಿಲಿಆಂಪ್ ಔಟ್‌ಪುಟ್ ಎಲ್ಲ ಪಿಎಲ್‌ಸಿ (ಮಷಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವವರಿಗೆ. ನಿಮಗೆ ಈಗ ಬೇಡ.

ಹೊಸ ರಿಲೇಯನ್ನು ಎಲ್ಲಿ ಹಾಕುವುದು? ಹಳೆಯದು ಇದ್ದ ಜಾಗದಲ್ಲೇ, ವೈಂಡಿಂಗ್ ಕರೆಂಟ್ ಹರಿಯುವ ಕಡೆ. ಸೆಟ್ಟಿಂಗ್ 12. ಲೈನಿನಲ್ಲೇ ಹಾಕಿ 21ಕ್ಕೆ ಇಟ್ಟರೆ ಓದಲು ಸುಲಭ, ನಿಜ. ಆದರೆ ಟೈಮರ್ ಕೆಟ್ಟು ಮೋಟಾರು ಸ್ಟಾರ್‌ನಲ್ಲೇ ಸಿಕ್ಕಿಕೊಂಡರೆ ಲೈನಿನ ಕರೆಂಟೇ ವೈಂಡಿಂಗಿನಲ್ಲೂ ಹರಿಯುತ್ತದೆ. 12 ಆಂಪ್ಸಿನ ವೈಂಡಿಂಗಿನಲ್ಲಿ 20 ಹರಿದರೂ ಆ ರಿಲೇ ಸುಮ್ಮನಿರುತ್ತದೆ. ಡೆಲ್ಟಾದಲ್ಲಿ ಓಡುವಾಗ ಒಂದು ಸಪ್ಲೈ ಫೇಸ್ ತಪ್ಪಿದರೂ ಅಷ್ಟೇ. ಒಂದು ವೈಂಡಿಂಗ್ ಉಳಿದೆರಡಕ್ಕಿಂತ ಎರಡು ಪಟ್ಟು ಕರೆಂಟ್ ಹೊರುತ್ತದೆ. ಅದನ್ನು ನೇರವಾಗಿ ನೋಡುವುದು ವೈಂಡಿಂಗ್ ಕಡೆ ಇರುವ ರಿಲೇ. ಇಲ್ಲಿ ಯಾವ ಫೇಸಿನಲ್ಲೂ ಕರೆಂಟ್ ಸೊನ್ನೆಯಾಗುವುದಿಲ್ಲ ಎಂಬುದನ್ನು ಗಮನಿಸಿ. ಅದಕ್ಕೇ ಬರೀ ‘ಫೇಸ್ ಲಾಸ್’ ಸಾಲದು, ಅನ್‌ಬ್ಯಾಲೆನ್ಸ್ ಸೆಟ್ಟಿಂಗೂ ಆನ್ ಇರಬೇಕು ಎಂದಿದ್ದು. ಪ್ಯಾನೆಲ್ ಬಾಗಿಲ ಮೇಲೆ ದೊಡ್ಡದಾಗಿ ಒಂದು ಸ್ಟಿಕರ್ ಅಂಟಿಸಿ: ‘ಇದು ವೈಂಡಿಂಗ್ ಕರೆಂಟ್. ಮಿತಿ 12. ಲೈನಿನಲ್ಲಿ 21.’ ಮುಂದೆ ಬರುವ ಎಲೆಕ್ಟ್ರಿಷಿಯನ್ ಮತ್ತೆ 15ರ ಲೆಕ್ಕ ಹೇಳಬಾರದು.

ಟ್ರಿಪ್ ಕ್ಲಾಸ್ (ಎಷ್ಟು ಬೇಗ ಬಿಡಿಸಬೇಕು ಎಂಬ ದರ್ಜೆ) 10 ಸಾಕು. ಇದರಲ್ಲಿ ಸೆಟ್ಟಿಂಗಿನ 7.2 ಪಟ್ಟು ಕರೆಂಟ್ ಹರಿದರೆ 4ರಿಂದ 10 ಸೆಕೆಂಡಿನಲ್ಲಿ ಬಿಡಿಸುತ್ತದೆ. ಕ್ಲಾಸ್ 30ರಲ್ಲಿ ಇದು 30 ಸೆಕೆಂಡಿನವರೆಗೂ ಹೋಗುತ್ತದೆ. ಟ್ರಿಪ್ ತಪ್ಪಿಸಲು ಕ್ಲಾಸ್ 30ಕ್ಕೆ ಹಾಕುವುದೆಂದರೆ ಡಯಲ್ ತಿರುಗಿಸುವುದರ ತಮ್ಮ. ರೀಸೆಟ್ ಮ್ಯಾನ್ಯುಯಲ್‌ನಲ್ಲೇ ಇರಲಿ. ಆಟೋದಲ್ಲಿಟ್ಟರೆ, ಅದರಲ್ಲೂ ಪ್ರೆಷರ್ ಸ್ವಿಚ್‌ನಿಂದ ಓಡುವ ಕಂಪ್ರೆಸರಿನಲ್ಲಿ, ಮೋಟಾರು ತಾನಾಗೇ ಮತ್ತೆ ಶುರುವಾಗುತ್ತದೆ. ಬೆಲ್ಟ್ ಹತ್ತಿರ ಯಾರದ್ದಾದರೂ ಕೈ ಇರಬಹುದು. ರಿಲೇಯಲ್ಲಿ 95–96 ಎಂದು ಗುರುತಿರುವ ಟ್ರಿಪ್ ಕಾಂಟ್ಯಾಕ್ಟ್ ನಿಜವಾಗಲೂ ಕಾಂಟ್ಯಾಕ್ಟರಿನ ಕಾಯಿಲ್ ಸರ್ಕ್ಯೂಟಿನಲ್ಲಿದೆಯಾ ಎಂದು ಟೆಸ್ಟ್ ಬಟನ್ ಒತ್ತಿ ನೋಡಿ. ‘ತಾತ್ಕಾಲಿಕ’ವಾಗಿ ಲೂಪ್ ಹಾಕಿ ಹಾಗೇ ಬಿಟ್ಟ ಪ್ಯಾನೆಲ್‌ಗಳಿಗೆ ನಮ್ಮೂರಲ್ಲಿ ಬರವಿಲ್ಲ.

ಈ ರಿಲೇಗೂ ಕಾಣದ ಸಂಗತಿಗಳಿವೆ. ಅದು ನೋಡುವುದು ಕರೆಂಟನ್ನು, ಮೋಟಾರನ್ನಲ್ಲ. ಫ್ಯಾನ್ ಕವರಿನಲ್ಲಿ ಎಣ್ಣೆ, ದೂಳು ಮೆತ್ತಿ ಗಾಳಿ ನಿಂತರೆ ಕರೆಂಟ್ ಏರದೆಯೇ ಮೋಟಾರು ಬೇಯುತ್ತದೆ. ಶೀಟ್ ಮಾಡಿನ ಕೆಳಗೆ, ಏಪ್ರಿಲ್ ಮಧ್ಯಾಹ್ನ, ಗೋಡೆಗೆ ಒತ್ತಿಟ್ಟ ಕಂಪ್ರೆಸರ್ ಎಂದರೆ ಕೇಳುವುದೇ ಬೇಡ. ಇದಕ್ಕೆ ಔಷಧ ಪಿಟಿಸಿ ಥರ್ಮಿಸ್ಟರ್, ಅಂದರೆ ವೈಂಡಿಂಗಿನ ಬಿಸಿಯನ್ನೇ ನೋಡುವ ಪುಟ್ಟ ಸೆನ್ಸರ್. ಈ ಸಲ ರಿವೈಂಡಿಂಗ್ ಇನ್ನೂ ಮುಗಿದಿಲ್ಲವಾದರೆ ಇವತ್ತೇ ಫೋನ್ ಮಾಡಿ. ಒಂದೊಂದು ಫೇಸಿನ ವೈಂಡಿಂಗಿಗೆ ಒಂದರಂತೆ ಮೂರು ಥರ್ಮಿಸ್ಟರ್ ಹೂತು, ಸೀರೀಸಿನಲ್ಲಿ ಕಟ್ಟಿ, ಎರಡು ವೈರ್ ಹೊರಗೆ ತರಲು ಹೇಳಿ. ವಾರ್ನಿಷ್ ಆದ ಮೇಲೆ ಹಾಕಲು ಬರುವುದಿಲ್ಲ. ಥರ್ಮಿಸ್ಟರ್ ಇನ್‌ಪುಟ್ ಇರುವ ರಿಲೇ ತಗೊಂಡರೆ ಎರಡೂ ಒಂದರಲ್ಲೇ ಆಗುತ್ತದೆ. ಶಾರ್ಟ್ ಸರ್ಕ್ಯೂಟಿಗೂ ಓವರ್‌ಲೋಡ್ ರಿಲೇ ಆಗುವುದಿಲ್ಲ. ಮೇಲೆ ಸರಿಯಾದ ಫ್ಯೂಸ್ ಅಥವಾ ಎಂಸಿಸಿಬಿ (ದೊಡ್ಡ ಸರ್ಕ್ಯೂಟ್ ಬ್ರೇಕರ್) ಇರಲೇಬೇಕು.

ಬೋರ್‌ವೆಲ್ ಪಂಪಿಗೆ? ಹಾಕಿ. ಅಲ್ಲಿ ಜಾಸ್ತಿ ಕರೆಂಟಿಗಿಂತ ಕಡಿಮೆ ಕರೆಂಟೇ ದೊಡ್ಡ ಶತ್ರು. ನೀರು ಕೆಳಗಿಳಿದು ಪಂಪ್ ಒಣಗಿ ಓಡಿದಾಗ ಲೋಡ್ ಕಡಿಮೆಯಾಗಿ ಕರೆಂಟ್ ಇಳಿಯುತ್ತದೆ. ಸಬ್‌ಮರ್ಸಿಬಲ್ ಮೋಟಾರಿಗೆ ತಂಪು ಕೊಡುವುದೇ ಆ ನೀರು. ಮಾಮೂಲಿ ಓವರ್‌ಲೋಡ್ ರಿಲೇಗೆ ಇದು ಎಂದೂ ಕಾಣುವುದಿಲ್ಲ. ನೀರು ಚೆನ್ನಾಗಿ ಬರುವಾಗ ಎಷ್ಟು ಆಂಪ್ಸ್, ನೀರು ಒಡೆದು ಗಾಳಿ ಬರತೊಡಗಿದಾಗ ಎಷ್ಟು ಎಂದು ನೋಡಿ, ಎರಡರ ನಡುವೆ ಅಂಡರ್‌ಕರೆಂಟ್ (ಕಡಿಮೆ ಕರೆಂಟಿಗೆ ಬಿಡಿಸುವ) ಸೆಟ್ಟಿಂಗ್ ಇಡಿ. ಬಾವಿಗೆ ನೀರು ಕೂಡಿಕೊಳ್ಳಲು ರೀಸ್ಟಾರ್ಟ್ ಟೈಮರ್ ಬೇಕು. ಪ್ಯಾನೆಲ್‌ನಲ್ಲಿ ಆಗಲೇ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ತಪ್ಪಿದರೆ ಮೋಟಾರು ನಿಲ್ಲಿಸುವ ಸಾಧನ) ಇದೆಯಲ್ಲ ಎನ್ನಬಹುದು. ಅದು ವೋಲ್ಟೇಜ್ ನೋಡುವ ಬಗೆಯದ್ದಾದರೆ ಪೂರ್ತಿ ನಂಬಬೇಡಿ. ಎರಡೇ ಫೇಸಿನಲ್ಲಿ ಓಡುತ್ತಿರುವ ಮೋಟಾರು ತಪ್ಪಿದ ಫೇಸಿನಲ್ಲೂ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಪ್ರಿವೆಂಟರ್ ಮೋಸ ಹೋಗಬಹುದು. ಕಾಂಟ್ಯಾಕ್ಟರಿನ ಒಂದು ಪಾಯಿಂಟ್ ಸುಟ್ಟುಹೋದರಂತೂ ಅದರ ಮೇಲಿನ ಕಡೆ ನೋಡುವ ಪ್ರಿವೆಂಟರಿಗೆ ಗೊತ್ತೇ ಆಗುವುದಿಲ್ಲ.

ಪವರ್ ಪ್ರೆಸ್ಸಿಗೆ ಅಷ್ಟು ಅವಸರವಿಲ್ಲ. ಫ್ಲೈವೀಲ್ ಇರುವುದರಿಂದ ಪ್ರತಿ ಹೊಡೆತಕ್ಕೂ ಕರೆಂಟ್ ಏರಿಳಿಯುತ್ತಾ ಇರುತ್ತದೆ. ಡಿಸ್‌ಪ್ಲೇ ಓದಿ ದೊಡ್ಡದಾಗಿ ಏನೂ ತಿಳಿಯುವುದಿಲ್ಲ. ಆದರೆ ಸ್ಟಾರ್ಟ್ ಆಗಲು ಹೊತ್ತು ಹಿಡಿಯುತ್ತದೆ. ಕ್ಲಾಸ್ 10 ರಿಲೇ ಸ್ಟಾರ್ಟಿಂಗಿನಲ್ಲೇ ಬಿಡಿಸುತ್ತಿದ್ದರೆ ಅಲ್ಲಿ ಕ್ಲಾಸ್ 20 ಹಾಕುವುದು ನ್ಯಾಯ. ಸೆಟ್ಟಿಂಗನ್ನು ಮಾತ್ರ ನೇಮ್‌ಪ್ಲೇಟ್ ಕರೆಂಟಿಗೇ ಇಡಿ (ಅಲ್ಲೂ ರಿಲೇ ವೈಂಡಿಂಗ್ ಕಡೆ ಇದ್ದರೆ ಅದರ 0.58ಕ್ಕೆ). ಗ್ರೈಂಡರ್, ಡ್ರಿಲ್ಲಿಂಗ್ ಮಷಿನ್‌ಗಳ 1–2 ಎಚ್‌ಪಿ ಮೋಟಾರುಗಳಿಗೆ ಮಾಮೂಲಿ ಬೈಮೆಟಲ್ ರಿಲೇ ಅಥವಾ ಎಂಪಿಸಿಬಿ (ಮೋಟಾರಿಗೆಂದೇ ಇರುವ ಸರ್ಕ್ಯೂಟ್ ಬ್ರೇಕರ್) ಸಾಕು. ಮುಂದೆ ಕಂಪ್ರೆಸರಿಗೆ ವಿಎಫ್‌ಡಿ (ಮೋಟಾರಿನ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಡ್ರೈವ್) ಹಾಕುವ ಯೋಚನೆ ಇದ್ದರೆ ರಿಲೇ ಕೊಳ್ಳುವ ಮೊದಲೇ ತೀರ್ಮಾನಿಸಿ. ಡ್ರೈವಿನೊಳಗೇ ಎಲೆಕ್ಟ್ರಾನಿಕ್ ಓವರ್‌ಲೋಡ್ ಇರುತ್ತದೆ. ಬೈಪಾಸ್ ಇಟ್ಟುಕೊಂಡರೆ ಮಾತ್ರ ಆ ದಾರಿಗೆ ಬೇರೆ ರಿಲೇ ಬೇಕಾಗುತ್ತದೆ.